ಮೂವತ್ತು ಊಟ, ಮೊದಲ ರೊಟ್ಟಿ

ಇವತ್ತು ಬೆಳಿಗ್ಗೆ ಪಕ್ಕದ ಮನೆಯಿಂದ ಜೋಳದ ಹಿಟ್ಟಿಗೆ ಕುದಿನೀರು ಬಿದ್ದ ವಾಸನೆ ಬಂತು. ಕೈಯಲ್ಲಿದ್ದ ಚಹಾ ಆರಿದರೂ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ನಿಮಗೆ ಅದು ಬರೀ ಹಿಟ್ಟಿನ ವಾಸನೆ ಇರಬಹುದು, ನನಗೆ ಈಗಲೂ ಅಂಗೈ ಬೆವರುತ್ತದೆ.

ನಾನು ಖಾನಾಪುರದ ಕಡೆಯವಳು. ಅಲ್ಲಿ ಮೂರು ಹೊತ್ತೂ ಅನ್ನ. ರೊಟ್ಟಿ ಎಂದರೂ ಅಕ್ಕಿಯದೇ. ಎಪ್ಪತ್ತರ ದಶಕದ ಕೊನೆಗೆ ಮದುವೆಯಾಗಿ ಬೆಳಗಾವಿಗೆ ಬಂದೆ, ಅದೂ ಎಂಥ ಮನೆಗೆ! ಅತ್ತೆಯವರು ಉದ್ಯಮಬಾಗದಲ್ಲಿ ಖಾನಾವಳಿ ನಡೆಸುತ್ತಿದ್ದರು. ಮಧ್ಯಾಹ್ನ ಕಾರ್ಖಾನೆಯ ಭೋಂಗಾ, ಅಂದರೆ ಸೈರನ್ನು, ಕೂಗಿತೆಂದರೆ ಫೌಂಡ್ರಿಯ ಮೂವತ್ತು ಜನ ನೇರ ನಮ್ಮ ಪಡಸಾಲೆಗೆ ಬರುವರು. ಅವರಿಗೆ ಜೋಳದ ರೊಟ್ಟಿಯೇ ಬೇಕು. ವರ್ಷ ಕಳೆದರೂ ನಾನು ಪಲ್ಲೆ ಹೆಚ್ಚುವುದರಲ್ಲಿ, ತಾಟು ತೊಳೆಯುವುದರಲ್ಲಿ ಮಾತ್ರ ಜಾಣೆ. ರೊಟ್ಟಿ ಬಡಿಯಲು ಕರೆದಾಗಲೆಲ್ಲ ನನಗೆ ಬಾವಿಯಿಂದ ನೀರು ತರುವುದು ನೆನಪಾಗುತ್ತಿತ್ತು!

ಒಂದು ದಿನ ಅತ್ತೆಗೆ ಜ್ವರ. ಎದುರು ಸಾಲಿನಲ್ಲಿ ಹೊಸ ಖಾನಾವಳಿ ಶುರುವಾಗಿತ್ತು. ನಮ್ಮ ಒಲೆ ಒಂದು ದಿನ ಆರಿದರೂ ಮಂದಿ ಅಲ್ಲಿಗೆ ಹೋಗಿ ಅಲ್ಲೇ ಉಳಿಯುವರು, ನಮ್ಮ ಮನೆ ನಡೆಯುತ್ತಿದ್ದುದೇ ಅವರಿಂದ. ಗಾಬರಿಯಲ್ಲಿ ನಾನು ಏನು ಮಾಡಿದೆ ಗೊತ್ತೇ? ನಮ್ಮೂರ ಅಕ್ಕಿ ರೊಟ್ಟಿಯಂತೆ ಅರ್ಧ ಡಬ್ಬಿ ಹಿಟ್ಟು ಒಮ್ಮೆಗೇ ಪರಾತಕ್ಕೆ ಸುರಿದು ಕುದಿನೀರು ಹೊಯ್ದೆ. ಅತ್ತೆ ಒಂದೆರಡು ರೊಟ್ಟಿಗಾಗುವಷ್ಟೇ ನಾದುವುದನ್ನು ದಿನಾ ನೋಡಿಯೂ! ನಾದುವಷ್ಟರಲ್ಲೇ ಹಿಟ್ಟು ಆರಿ ಹದ ಕೆಟ್ಟಿತು. ತಟ್ಟಿದರೆ ಬಿರುಕು, ಎತ್ತಿದರೆ ಚೂರು. ಹನ್ನೊಂದು ಗಂಟೆಗೆ ಪರಾತದ ಮುಂದೆ ಕೂತು ಅಳತೊಡಗಿದೆ.

ಅತ್ತೆ ಕೌದಿ ಹೊದ್ದು, ಗೋಡೆ ಹಿಡಿದು ಬಂದರು.

“ಯಾಕ ಅಳಾಕತ್ತಿ?”

“ಮೂವತ್ತ ಮಂದಿರೀ ಅತ್ತಿ. ನನ್ನ ಕೈಲೆ ಆಗಂಗಿಲ್ರಿ.”

“ಮೂವತ್ತ ಮಂದಿಗೆ ಅಂತ ನಾನೂ ಎಂದೂ ಮಾಡಿಲ್ಲ. ಒಂದ ಬಡೀತೀನಿ, ಹಂಚಿಗೆ ಹಾಕ್ತೀನಿ, ಇನ್ನೊಂದ ಬಡೀತೀನಿ. ಇದನ್ನ ಎಮ್ಮಿಗೆ ಇಡು. ಒಂದ ರೊಟ್ಟಿಗೆ ಆಗೂವಷ್ಟ ಹಿಟ್ಟ ತಗೋ.”

ಅಷ್ಟು ಹೇಳಿ ಅಲ್ಲೇ ಕೂತರು. ಕೈ ಮಾತ್ರ ಹಚ್ಚಲಿಲ್ಲ. ಮೊದಲನೆಯದು ಹರಿಯಿತು. ಎರಡನೆಯದಕ್ಕೆ ನಾಲ್ಕು ಮೂಲೆಗಳಿದ್ದವು. ಮೂರನೆಯದು ಹಂಚಿನ ಮೇಲೆ ಉಬ್ಬಿತು. ಉಬ್ಬಿತು ನೋಡಿ! ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ಭೋಂಗಾ ಕೂಗಿದಾಗ ಬುಟ್ಟಿಯಲ್ಲಿ ಹದಿನಾಲ್ಕೇ ರೊಟ್ಟಿ. ಅವರು ಉಣ್ಣುತ್ತಿದ್ದಂತೆ ಬಡಿಯುತ್ತಲೇ ಇದ್ದೆ. ಪೀರನವಾಡಿಯಿಂದ ಕೆಲಸಕ್ಕೆ ಬರುತ್ತಿದ್ದ ಹಿರಿಯ ರಾಮಪ್ಪಕಾಕಾ ತಾಟಿನಲ್ಲಿದ್ದ ಚೂರನ್ನು ಎತ್ತಿ ನೋಡಿದರು.

“ತಂಗಿ, ಹರದದ್ದ ಎಲ್ಲಾ ನನಗ ಹಾಕು. ನನ್ನ ಹಲ್ಲಿಗೆ ಅಷ್ಟ ಕೆಲಸ ಕಡಿಮಿ.”

ಪಡಸಾಲೆಯೆಲ್ಲ ನಕ್ಕಿತು. ಎದುರು ಸಾಲಿಗೆ ಒಬ್ಬರೂ ಹೋಗಲಿಲ್ಲ. ಮೂರನೆಯ ದಿನ ಅತ್ತೆ ಎದ್ದು ಒಲೆಯ ಮುಂದೆ ಬಂದರೆ ನಾನೇ ಜಾಗ ಬಿಡಲಿಲ್ಲ!

ಇನ್ನು ನಿಮ್ಮಿಂದ ಮುಚ್ಚಿಡುವುದೇನು? ಮಗಳು ಕೊಡಿಸಿದ ಸ್ಕೂಟರ್ ಆರು ತಿಂಗಳಿಂದ ಅಂಗಳದಲ್ಲಿ ನಿಂತಿದೆ. ಈ ವಯಸ್ಸಿಗೆ ಪ್ಯಾಟಿ ತನಕ ಹೋಗುವುದು ಹೇಗೆ, ಆ ಬಸ್ಸು, ಆ ಟೆಂಪೋ ಎಂದು ಹೆದರಿ ದಿನಾ ಅದರ ಧೂಳು ಒರೆಸಿದ್ದೇ ಬಂತು. ಇವತ್ತು ಪ್ಯಾಟಿ ಬೇಡ, ಗೇಟಿನ ತನಕ ಸಾಕು. ಕೀಲಿ ತಿರುವಿದ್ದೇನೆ. ಒಂದೀಟು ಬಾಜೂಕ್ಕ ಸರೀರಿ.