ಉಗುರಿನ ಡಬ್ಬಿ, ನಕ್ಷತ್ರದ ಪುಸ್ತಕ

ಬೊಂಬಾಯಿಯ ಹಡಗಿನಿಂದ ದೋಣಿಗೆ, ದೋಣಿಯಿಂದ ಮಂಗಳೂರಿನ ಬಂದರಿಗೆ ಇಳಿದ ದಿನ ನನ್ನ ನಡಿಗೆಯಲ್ಲೇ ಒಂದು ಠೀವಿ ಇತ್ತು. ಕಂಕುಳಲ್ಲಿ ತಗಡಿನ ಪೆಟ್ಟಿಗೆ. ಅದರೊಳಗೆ ಬಾಗಿದ ಬಾಯಿಯ ಎರಡು ಕತ್ತರಿ, ಸಣ್ಣ ಅರ, ಚಿಮಟ, ಉಗುರಿಗೆ ಹೊಳಪು ಕೊಡಲು ಚರ್ಮ ಹೊದೆಸಿದ ಮರದ ಹಿಡಿ. ಎಲ್ಲದರ ಮೇಲೆ, ಮಡಚಿ ಹೋಗಬಾರದೆಂದು ಎರಡು ರಟ್ಟುಗಳ ನಡುವೆ ಇಟ್ಟ ಒಂದು ಕಾಗದ. ಬೊಂಬಾಯಿಯ ಫೋರ್ಟಿನ ಸೆಲೂನಿನಲ್ಲಿ ಎರಡು ವರ್ಷ ನನ್ನನ್ನು ತಿದ್ದಿ ತೀಡಿದ ಉಸ್ತಾದರು, ಇವನು ಕೈಕಾಲಿನ ಉಗುರಿನ ಕೆಲಸವನ್ನು ಪೂರ್ತಿ ಕಲಿತಿದ್ದಾನೆ ಎಂದು ಇಂಗ್ಲಿಷಿನಲ್ಲಿ ಬರೆಸಿ, ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದ್ದರು. ನನಗೆ ಎರಡೂ ಓದಲು ಬರುತ್ತಿರಲಿಲ್ಲ. ಆದರೂ ದಿನಕ್ಕೆರಡು ಸಲ ತೆಗೆದು ಓದುತ್ತಿದ್ದೆ.

ನಮ್ಮದು ಕ್ಷೌರದ ಮನೆತನ. ನನ್ನನ್ನು ಸಾಕಿದ ಸೋದರಮಾವ ಬೆಳಗಾದರೆ ಪೆಟ್ಟಿಗೆ ಹಿಡಿದು ಫಳ್ನೀರಿನ ಕಡೆ ಮನೆಮನೆಗೆ ಹೋಗಿ ಕೆಲಸ ಮಾಡಿ ಬರುವವರು. ಅವರ ಕೈಯಲ್ಲಿ ಒಂದೇ ಒಂದು ಸಣ್ಣ ಉಳಿ. ಗಡ್ಡ ಮುಗಿದ ಮೇಲೆ ಅದರಿಂದಲೇ ಇಪ್ಪತ್ತು ಬೆರಳಿನ ಉಗುರನ್ನು ಚಕಚಕನೆ ಎಗರಿಸುತ್ತಿದ್ದರು. ನನ್ನ ಕಾಗದವನ್ನು ಅವರು ತಲೆಕೆಳಗೆ ಹಿಡಿದು ನೋಡಿ, ಉಗುರು ತೆಗೆಯಲು ಎರಡು ವರ್ಷ ಬೇಕಾಯಿತೇ, ಒಂದೊಂದು ಕೈಗೆ ಒಂದೊಂದು ವರ್ಷವೇ, ಹಾಗಾದರೆ ಕಾಲು ಯಾವಾಗ ಕಲಿಯುತ್ತೀ ಎಂದು ಕೇಳಿದರು.

ಹಂಪನಕಟ್ಟೆಯಲ್ಲಿ ಆಗ ಕುರ್ಚಿ, ಕನ್ನಡಿ ಇರುವ ಒಂದು ಸೆಲೂನು ಹೊಸದಾಗಿ ಹೆಸರು ಮಾಡಿತ್ತು. ಎರಡು ಕುರ್ಚಿಗೆ ಕೆಲಸಗಾರರಿದ್ದರು. ಬಾಗಿಲ ಪಕ್ಕದ ಮೂರನೆಯದು ಖಾಲಿ. ಧಣಿ ಕಡಿಮೆ ಮಾತಿನವರು; ಮಾತಿಗಿಂತ ಮುಂಚೆ ಎರಡು ಸಲ ಕೆಮ್ಮುವವರು. ಆ ಕೆಮ್ಮನ್ನು ನಾನು ಮೊದಲ ದಿನ ಮಧ್ಯಾಹ್ನದೊಳಗೆ ಕಲಿತುಬಿಟ್ಟೆ. ಅವರು ಹೇಳಿದ್ದು ಇಷ್ಟೇ:

"ಒಂದು ತಿಂಗಳು ನೋಡುವ. ಜನ ಕೂತರೆ ಕುರ್ಚಿ ನಿನ್ನದು. ಕೂರದಿದ್ರೆ ಅದನ್ನು ತೆಗೆದು ಬೆಂಚು ಹಾಕ್ತೇನೆ ಮಾರಾಯ. ಬೆಂಚಿಗಾದ್ರೂ ಜನ ಉಂಟು."

ಕುರ್ಚಿ ಹೋದರೆ ನನಗೆ ಉಳಿಯುವುದು ಮಾವನ ಹಿಂದೆ ಪೆಟ್ಟಿಗೆ ಹೊರುವ ಕೆಲಸ. ಬೊಂಬಾಯಿಯಿಂದ ಬಂದವನೆಂದು ಓಣಿಯುದ್ದಕ್ಕೂ ಕ್ರಾಪು ತೋರಿಸಿಕೊಂಡು ತಿರುಗಿದ್ದ ನನಗೆ ಅದನ್ನು ನೆನೆದರೆ ಮಂಡೆ ಬಿಸಿಯಾಗುತ್ತಿತ್ತು.

ಉಸ್ತಾದರು ಮೂರು ವಿಷಯವನ್ನು ಕಿವಿ ಹಿಂಡಿ ಕಲಿಸಿದ್ದರು. ತೆಗೆದ ಉಗುರು ನೆಲಕ್ಕೆ ಬೀಳಬಾರದು, ಮುಚ್ಚಳವಿರುವ ಡಬ್ಬಿಗೆ ಹೋಗಬೇಕು, ಅದು ಶುಚಿ. ಗಿರಾಕಿಯ ಹೆಸರು, ಅವನ ಬೆರಳಿನ ಗುಣ, ಬಂದ ದಿನ, ಇವು ಪುಸ್ತಕದಲ್ಲಿರಬೇಕು, ಅದು ಮರ್ಯಾದೆ. ಮೂರನೆಯದು, ಬಾಯಿ ಮುಚ್ಚಿಕೊಂಡಿರಬೇಕು. ಮೊದಲ ಎರಡನ್ನು ನಾನು ಚಾಚೂ ತಪ್ಪದೆ ಪಾಲಿಸಿದೆ. ಅಷ್ಟಕ್ಕೇ ನಿಲ್ಲದೆ ಊರಿಗೆ ತಕ್ಕಂತೆ ಒಂದು ಬುದ್ಧಿಯನ್ನು ನನ್ನದೇ ಸೇರಿಸಿದೆ. ನಮ್ಮಲ್ಲಿ ಮಂಗಳವಾರ ಉಗುರು ತೆಗೆಯುವುದಿಲ್ಲ, ಶುಕ್ರವಾರ ಇಲ್ಲ, ಶನಿವಾರ ಇಲ್ಲ, ದೀಪ ಹಚ್ಚಿದ ಮೇಲೆ ಇಲ್ಲವೇ ಇಲ್ಲ. ಅವರವರ ಜನ್ಮನಕ್ಷತ್ರದ ದಿನವೂ ಇಲ್ಲ. ಹಾಗಾದರೆ ಗಿರಾಕಿಯ ನಕ್ಷತ್ರವನ್ನು ಬರೆದಿಟ್ಟುಕೊಂಡರೆ ಆ ದಿನ ಬಿಟ್ಟು ಬೇರೆ ದಿನಕ್ಕೆ ಬರಹೇಳಬಹುದಲ್ಲ. ಇಂಥ ತಲೆ ಬೊಂಬಾಯಿಯಲ್ಲಿ ಯಾರಿಗೂ ಇಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮೊದಲು ಕೂತವರು ಒಬ್ಬ ವಕೀಲರ ಗುಮಾಸ್ತರು. ಅವರ ಬಲಗಾಲಿನ ಹೆಬ್ಬೆರಳಿನ ಉಗುರು ಮಾಂಸದೊಳಗೆ ಬೆಳೆದು, ಬೆರಳು ಬದನೆಕಾಯಿಯ ಹಾಗೆ ಊದಿತ್ತು. ಬಿಸಿನೀರಿನಲ್ಲಿ ಕಾಲಿಡಿಸಿ, ಉಗುರಿನ ಒಂದು ಮೂಲೆಯನ್ನು ಮೆತ್ತಗೆ ಎತ್ತಿ, ಅದರಡಿಗೆ ಹತ್ತಿಯ ಎಳೆ ತೂರಿಸಿ ಕೂರಿಸಿದೆ. ಇನ್ನೊಂದು ಮೂಲೆಗೆ ಹದಿನೈದು ದಿನ ಬಿಟ್ಟು ಬರಬೇಕೆಂದೆ. ಅವರಿಗೆ ಖುಷಿಯಾಗಿ, ನಿನ್ನ ಕೈ ಹೂವಿನ ಹಾಗೆ ಉಂಟು ಎಂದರು. ನಾನು ಉಗುರಿನ ಚೂರುಗಳನ್ನು ಒಂದೂ ಬಿಡದೆ ಆಯ್ದು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ. ಪುಸ್ತಕ ತೆರೆದೆ.

"ಗುಮಾಸ್ತರೇ, ನಿಮ್ಮ ಜನ್ಮನಕ್ಷತ್ರ ಯಾವುದು?"

"ಎಂತಕ್ಕೆ?"

"ಬರೆದಿಡ್ಲಿಕ್ಕೆ."

ಅವರು ಡಬ್ಬಿಯನ್ನು ನೋಡಿದರು, ಪುಸ್ತಕವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮಖೆ ಎಂದರು. ಚಪ್ಪಲಿ ಮೆಟ್ಟಿಕೊಂಡು ಬೇಗ ಹೋದರು. ಕಾಲು ವಾಸಿಯಾದದ್ದರಿಂದ ಅಷ್ಟು ಬೇಗ ನಡೆಯುತ್ತಿದ್ದಾರೆಂದು ನಾನು ಧಣಿಗೆ ತೋರಿಸಿದೆ.

ಮೊದಲ ಹತ್ತು ದಿನದಲ್ಲಿ ಒಟ್ಟು ಹನ್ನೆರಡು ಮಂದಿ ಕೂತರು. ರಥಬೀದಿಯ ಜವಳಿ ಅಂಗಡಿಯವರು, ಕೋರ್ಟಿನ ಕೆಲಸಕ್ಕೆ ಬಂದಿದ್ದ ಸುರತ್ಕಲ್ಲಿನ ಒಬ್ಬ ಜಮೀನುದಾರರು, ಹೀಗೆ. ಎಲ್ಲರೂ ಬೆರಳನ್ನು ಬೆಳಕಿಗೆ ಹಿಡಿದು ಮೆಚ್ಚಿದರು. ಎಲ್ಲರೂ ನಕ್ಷತ್ರ ಕೇಳಿದಾಗ ಒಮ್ಮೆ ಉಗುಳು ನುಂಗಿದರು. ಎಲ್ಲರೂ ಹೇಳಿದರು. ಆಮೇಲೆ ಒಬ್ಬರೂ ಬರಲಿಲ್ಲ.

ಏನಾಯಿತೆಂದು ನನಗೆ ಅರ್ಥವೇ ಆಗಲಿಲ್ಲ. ಸ್ಪಿರಿಟಿನ ವಾಸನೆ ಹಿಡಿಸಲಿಲ್ಲವೇನೋ ಎಂದು ಅದನ್ನು ಬಿಟ್ಟು ಗಂಧದೆಣ್ಣೆ ತಂದೆ. ಅರದ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆಯೇನೋ ಎಂದು ನನ್ನ ಹಲ್ಲಿನ ಹತ್ತಿರವೇ ತಿಕ್ಕಿ ನೋಡಿದೆ. ಜುಮ್ಮೆಂದಿತು, ಆದರೆ ಅಷ್ಟಕ್ಕೆಲ್ಲ ಯಾರೂ ಊರು ಬಿಡುವುದಿಲ್ಲ. ಅದೇ ಜನ ಬೇರೆ ಎರಡು ಕುರ್ಚಿಗೆ ಬರುತ್ತಿದ್ದರು, ಕೂದಲು ಕತ್ತರಿಸಿಕೊಳ್ಳುತ್ತಿದ್ದರು. ನಾನು ಹತ್ತಿರ ಹೋದರೆ ಕೈಯನ್ನು ಹೊದ್ದ ಬಟ್ಟೆಯೊಳಗೆ ಎಳೆದುಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಸೋಜಿಗದ ಸಂಗತಿ ಆ ಗುಮಾಸ್ತರದು. ಹದಿನೈದು ದಿನ ಕಳೆದು ಇನ್ನೊಂದು ಮೂಲೆಯ ಉಗುರು ಬೆಳೆದು, ಅವರು ಮತ್ತೆ ಕುಂಟತೊಡಗಿದ್ದರು. ದಿನಾ ನಮ್ಮ ಬಾಗಿಲ ಮುಂದೆಯೇ ವಕೀಲರ ಆಫೀಸಿಗೆ ಹೋಗಬೇಕು. ಸೆಲೂನು ಹತ್ತಿರ ಬಂದೊಡನೆ ಕುಂಟುತ್ತಲೇ ರಸ್ತೆಯ ಆಚೆ ಬದಿಗೆ ದಾಟಿ, ಮಳೆಯೂ ಇಲ್ಲ ಬಿಸಿಲೂ ಇಲ್ಲ, ಕೊಡೆ ಬಿಡಿಸಿ ನನಗೂ ಅವರಿಗೂ ನಡುವೆ ಹಿಡಿದು ಹೋಗುತ್ತಿದ್ದರು. ನೋವಿರುವವನು ಮದ್ದಿನ ಬಾಗಿಲನ್ನು ಬಳಸಿಕೊಂಡು ಹೋಗುವುದೆಂದರೇನು?

ಕೊನೆಗೆ ಕಾರಣ ಹೊಳೆಯಿತು, ಅಥವಾ ಹೊಳೆಯಿತು ಎಂದುಕೊಂಡೆ. ನನ್ನ ಬಾಯಿ. ನನಗೆ ಹುಟ್ಟಿನಿಂದಲೇ ಒಂದು ಚಾಳಿ: ಯಾರ ಸ್ವರ ಕಿವಿಗೆ ಬಿದ್ದರೂ ಅದು ನನ್ನ ಗಂಟಲಿನಿಂದ ಹೊರಗೆ ಬರುತ್ತದೆ. ಗುಮಾಸ್ತರು ಹೋದ ಮರುದಿನವೇ ನಾನು ಅವರ ಮೂಗಿನ ಮಾತನ್ನು ಮಾಡಿ ತೋರಿಸಿ ಇಡೀ ಸೆಲೂನನ್ನು ನಗಿಸಿದ್ದೆ. ಜವಳಿ ಅಂಗಡಿಯವರನ್ನೂ ಬಿಟ್ಟಿರಲಿಲ್ಲ. ಯಾರೋ ಚಾಡಿ ಹೇಳಿರಬೇಕು. ಅಂದೇ ಉಸ್ತಾದರ ಮೂರನೆಯ ಪಾಠವನ್ನೂ ಹಿಡಿದೆ. ಬಾಯಿ ಬಿಡುವುದಿಲ್ಲವೆಂದು ಶಪಥ ಮಾಡಿ, ಡಬ್ಬಿ ಪುಸ್ತಕ ಎದುರಿಗಿಟ್ಟುಕೊಂಡು ಕುರ್ಚಿಯ ಪಕ್ಕ ಗಂಭೀರವಾಗಿ ಕೂತೆ. ಸ್ವರ ಕಟ್ಟಿದರೂ ತುಟಿ ಕೇಳಬೇಕಲ್ಲ. ಬಂದವರ ಮಾತನ್ನೆಲ್ಲ ಅದು ಸದ್ದಿಲ್ಲದೆ ಅನುಕರಿಸುತ್ತಲೇ ಇತ್ತು. ಆಮೇಲೆ ಜನ ನನ್ನ ಕಡೆ ನೋಡುವುದನ್ನೇ ಬಿಟ್ಟರು. ಒಬ್ಬರಂತೂ ಅರ್ಧ ಗಡ್ಡದಲ್ಲಿ ಎದ್ದು, ತಮ್ಮ ಕುರ್ಚಿಯನ್ನು ನನ್ನಿಂದ ಇನ್ನೂ ಸ್ವಲ್ಪ ಆಚೆಗೆ ಸರಿಸಿ ಎಂದರು.

ತಿಂಗಳು ಮುಗಿಯಲು ಮೂರು ದಿನ ಉಳಿದಿತ್ತು. ಧಣಿ ಬೆಂಚಿನ ಅಳತೆಗೆಂದು ಬಡಗಿಗೆ ಹೇಳಿಕಳಿಸಿದ್ದರು. ಅವತ್ತು ಬೆಳಗ್ಗೆ ಮಾವ ಫಳ್ನೀರಿನಿಂದ ಹಿಂದೆ ಬರುವಾಗ ಸೆಲೂನಿನ ಮೆಟ್ಟಿಲ ಮೇಲೆ ನಿಂತು ನನ್ನನ್ನು ಹೊರಗೆ ಕರೆದರು. ಅವರು ಹೇಳಿದ್ದು ತುಳುವಿನಲ್ಲಿ; ಇಲ್ಲಿ ಕನ್ನಡಕ್ಕೆ ಇಳಿಸಿದ್ದೇನೆ, ಬೈಗುಳ ಮಾತ್ರ ಇಳಿಯಲಿಲ್ಲ. ಕೆಲಸಕ್ಕೆ ಹೋದ ಮನೆಯ ಅಮ್ಮನವರು, ಹಂಪನಕಟ್ಟೆಯಲ್ಲಿ ಜನರ ಉಗುರು ಕೂಡಿಡುವವನು ನಿಮ್ಮ ಅಳಿಯನೇ ಎಂದು ಕೇಳಿದರಂತೆ.

"ಡಬ್ಬಿಯಲ್ಲಿ ಉಗುರು ಉಂಟು, ಪುಸ್ತಕದಲ್ಲಿ ಹೆಸರು ಉಂಟು, ಅದರ ಪಕ್ಕ ನಕ್ಷತ್ರ ಉಂಟು. ಕೂತಲ್ಲಿ ಬಾಯಲ್ಲೇ ಮಣಮಣ ಹೇಳ್ತಾನೆ ಅಂತೆ. ಮಾಟಕ್ಕೆ ಇನ್ನೆಂತ ಬೇಕು ಮಗಾ? ಒಂದು ಕೋಳಿ. ಅದನ್ನೂ ತಂದಿಡು."

ನಾನು ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಉಗುರು ಅನ್ಯರ ಕೈಗೆ ಸಿಕ್ಕಿದರೆ ಅದರಿಂದ ಕೇಡು ಮಾಡಬಹುದೆಂದು ನನ್ನ ಅಜ್ಜಿ ನನಗೇ ಹೇಳಿ ಬೆಳೆಸಿದ್ದರು. ತೆಗೆದ ಉಗುರನ್ನು ತೆಂಗಿನ ಬುಡದಲ್ಲಿ ಹೂತು ಮಣ್ಣು ಮುಚ್ಚಿದ ಮೇಲೆಯೇ ಅವರು ನನ್ನನ್ನು ಒಳಗೆ ಬಿಡುತ್ತಿದ್ದದ್ದು. ಮಾವ ಕೆಲಸ ಮಾಡುವುದು ಅಂಗಳದಲ್ಲಿ, ಎಲ್ಲರ ಕಣ್ಣೆದುರು. ಚೂರುಗಳನ್ನು ಮನೆಯವರೇ ಗುಡಿಸಿ ತೆಗೆಯುತ್ತಾರೆ. ಎರಡು ವರ್ಷದಲ್ಲಿ ಅದಷ್ಟನ್ನೂ ಮರೆತು, ನಕ್ಷತ್ರವನ್ನು ಮಾತ್ರ ಜ್ಞಾಪಕದಲ್ಲಿಟ್ಟುಕೊಂಡು ಬಂದಿದ್ದೆ. ಪೂರ್ತಿ ಮರೆತಿದ್ದರೂ ಬಚಾವಾಗುತ್ತಿದ್ದೆ.

ಈಗ ಡಬ್ಬಿಯನ್ನು ಏನು ಮಾಡುವುದು? ಹೂಳಿದರೆ, ಹೂತ ಎನ್ನುತ್ತಾರೆ. ಸುಟ್ಟರೆ, ಸುಟ್ಟ ಎನ್ನುತ್ತಾರೆ, ವಾಸನೆಯೂ ಸಾಕ್ಷಿ ಹೇಳುತ್ತದೆ. ಹೊಳೆಗೆ ಹಾಕಲು ಹೋದರೆ ದೋಣಿಯವನು ಮುಚ್ಚಳ ತೆಗೆಸಿ ನೋಡುತ್ತಾನೆ. ಧಣಿಗೆ ಎಲ್ಲವನ್ನೂ ಹೇಳಿದೆ. ಅವರು ಎರಡರ ಬದಲು ನಾಲ್ಕು ಸಲ ಕೆಮ್ಮಿ, ತಮ್ಮ ತೆಂಗಿನ ಬುಡಕ್ಕೆ ಮಾತ್ರ ಬೇಡ ಎಂದರು.

ಮರುದಿನ ಗುರುವಾರ, ಉಗುರಿಗೆ ಅಡ್ಡಿಯಿಲ್ಲದ ದಿನ. ಗುಮಾಸ್ತರು ಕುಂಟುತ್ತ ಬರುವುದನ್ನು ಕಂಡು, ಡಬ್ಬಿ ಹಿಡಿದು ರಸ್ತೆ ದಾಟಿ ಅವರ ಕೊಡೆಯ ಎದುರು ನಿಂತೆ. ಅವರು ಗೋಡೆಗೆ ಒತ್ತಿಕೊಂಡರು. ಏನೇನೋ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಒಂದೇ:

"ನಿಮ್ಮದನ್ನು ನೀವೇ ತಗೊಳ್ಳಿ ಗುಮಾಸ್ತರೇ. ಪುಸ್ತಕದ ಹಾಳೆಯನ್ನೂ ಹರಿದು ಕೊಡ್ತೇನೆ."

ತಮ್ಮದನ್ನು ಬಿಟ್ಟುಹೋಗುವ ಧೈರ್ಯ ಅವರಿಗೂ ಇರಲಿಲ್ಲವೆಂದು ಕಾಣುತ್ತದೆ. ಒಳಗೆ ಬಂದರು. ಒಂದು ಹಳೆಯ ಪತ್ರಿಕೆ ಹಾಸಿ, ಡಬ್ಬಿಯನ್ನು ಅದರ ಮೇಲೆ ಮಗುಚಿದೆ. ಹನ್ನೆರಡು ಮಂದಿಯ ಇಪ್ಪತ್ತಿಪ್ಪತ್ತು ಬೆರಳಿನ ಚೂರು. ಗುಮಾಸ್ತರು ಕನ್ನಡಕ ಒರೆಸಿಕೊಂಡು ಬಗ್ಗಿದರು. ಎರಡು ಕುರ್ಚಿಯಿಂದ ಎದ್ದು ಬಂದವರೂ ಸೋಪಿನ ನೊರೆಯ ಸಮೇತ ಬಗ್ಗಿದರು. ಗುಮಾಸ್ತರು ಒಂದನ್ನು ಚಿಮಟದಿಂದ ಎತ್ತಿ ಇದು ನನ್ನದೆಂದು ಕಾಣುತ್ತದೆ ಎಂದರು. ಅಲ್ಲ, ಅದು ಜವಳಿಯವರದ್ದು, ಅವರ ಉಗುರಿಗೆ ನೀಲಿ ಬಣ್ಣ ಹತ್ತಿರುತ್ತದೆ ಎಂದು ಯಾರೋ ಹೇಳಿದರು. ಇನ್ನೊಂದನ್ನು ಎತ್ತಿದರು, ಇಟ್ಟರು. ಕೊನೆಗೆ ಕೋರ್ಟಿನಲ್ಲಿ ಕಡತ ಮುಚ್ಚುವವರ ಹಾಗೆ ನೆಟ್ಟಗಾದರು.

"ಇದು ಜಂಟಿ ಆಸ್ತಿ. ಪಾಲಾಗುದಿಲ್ಲ."

ಅಷ್ಟು ಸಾಕಾಯಿತು. ಹತ್ತು ದಿನ ಕಟ್ಟಿಟ್ಟಿದ್ದ ನನ್ನ ಗಂಟಲು ತಾನಾಗಿ ಬಿಚ್ಚಿಕೊಂಡಿತು. ಈ ರಾಶಿಯನ್ನು ಎದುರಿಗಿಟ್ಟುಕೊಂಡ ಮಂತ್ರವಾದಿ ಎಷ್ಟು ಪರದಾಡುತ್ತಾನೆಂದು ಅಭಿನಯಿಸತೊಡಗಿದೆ. ಗುಮಾಸ್ತರಿಗೆಂದು ಕಳಿಸಿದ ಹೊಟ್ಟೆನೋವು ದಾರಿ ತಪ್ಪಿ ಸುರತ್ಕಲ್ಲಿಗೆ ಹೋಗುತ್ತದೆ. ಸುರತ್ಕಲ್ಲಿನ ಹಲ್ಲುನೋವು ರಥಬೀದಿಗೆ ಬರುತ್ತದೆ. ಇದನ್ನು ವಾಪಸು ತೆಗೆದುಕೊಳ್ಳಿ ಎಂದು ಜವಳಿಯವರ ಪರವಾಗಿ ಗುಮಾಸ್ತರು ನೋಟೀಸು ಕೊಡುತ್ತಾರೆ. ಆ ನೋಟೀಸನ್ನು ಓದುವಾಗ ಬಂದದ್ದು ಅವರದೇ ಮೂಗಿನ ಸ್ವರವೆಂದು ನನಗೆ ತಿಳಿದದ್ದು ಎಲ್ಲರ ಕಣ್ಣೂ ಗುಮಾಸ್ತರ ಕಡೆ ತಿರುಗಿದ ಮೇಲೆ. ಮುಗಿಯಿತು ಎಂದುಕೊಂಡೆ.

ಗುಮಾಸ್ತರು ಧಣಿಯ ಕಡೆ ತಿರುಗಿದರು. "ನಾನು ಅಷ್ಟು ಮೂಗಿನಲ್ಲಿ ಮಾತಾಡ್ತೇನಾ?"

ಧಣಿ ಎರಡು ಸಲ ಕೆಮ್ಮಿದರು. "ಇವ ಸ್ವಲ್ಪ ಕಡಿಮೆಯೇ ಮಾಡಿದ್ದು."

ಮೊದಲು ನಕ್ಕವರು ಗುಮಾಸ್ತರೇ. ನಗುತ್ತ ಮೂರನೆಯ ಕುರ್ಚಿಯಲ್ಲಿ ಕೂತು ಚಪ್ಪಲಿ ಕಳಚಿದರು. ನಾನು ನೀರು ಕಾಯಿಸಿದೆ. ಈ ಸಲ ಇನ್ನೊಂದು ಮೂಲೆ. ಕೀವಾಗಿತ್ತು, ಆದರೆ ಉಗುರಿನಡಿಗೆ ಹತ್ತಿ ಹೋಗಿ ಕೂತ ಗಳಿಗೆಯಲ್ಲಿ ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಈ ಸಲ ತೆಗೆದ ಚೂರುಗಳನ್ನೆಲ್ಲ ಒಂದು ಕಾಗದದಲ್ಲಿ ಕಟ್ಟಿ ಅವರ ಕೈಗೇ ಕೊಟ್ಟೆ. ಅವರು ಅದನ್ನು ಕಿಸೆಗೆ ಹಾಕಿ, ಕನ್ನಡಿಯ ತನಕ ನಡೆದು, ಕುಂಟದೆ ಹಿಂದೆ ಬಂದರು. ನಾನು ಪುಸ್ತಕ ತೆರೆದು ಅವರ ಹಾಳೆಯನ್ನು ಹರಿಯಲು ಹಿಡಿದೆ.

ಅವರು ನನ್ನ ಕೈ ತಡೆದು, ಬಾಗಿಲ ಕಡೆ ಒಮ್ಮೆ ನೋಡಿ, ಸ್ವರ ತಗ್ಗಿಸಿದರು. "ಹರಿಯುದು ಬೇಡ. ತಿದ್ದಿದರೆ ಸಾಕು. ಮಖೆ ಅಲ್ಲ ಮಾರಾಯ, ಸ್ವಾತಿ."

ಮಖೆಯನ್ನು ಹೊಡೆದುಹಾಕಿ ಸ್ವಾತಿ ಎಂದು ಬರೆದೆ. ಅಷ್ಟರಲ್ಲಿ ಬಡಗಿ ಅಳತೆಯ ಕೋಲು ಹಿಡಿದು ಬಾಗಿಲಿಗೆ ಬಂದ. ಧಣಿ ತಲೆ ಎತ್ತದೆ, ಈಗ ಜಾಗ ಇಲ್ಲ, ಹೋಗು ಎಂದರು. ನನಗೆ ಹೇಳಿದ್ದಲ್ಲ, ಅವನಿಗೆ ಹೇಳಿದ್ದು. ಆದರೂ ಆ ಮಾತನ್ನು ಅವರ ಕೆಮ್ಮಿನ ಸಮೇತ ನಾನು ಇವತ್ತಿಗೂ ಹಾಗೆಯೇ ಹೇಳಿ ತೋರಿಸಬಲ್ಲೆ.

ಗುಮಾಸ್ತರು ಆಚೆ ಬದಿಗೆ ದಾಟದೆ ನಮ್ಮ ಬದಿಯಲ್ಲೇ ನಡೆದು ಹೋದರು. ನಾನು ಪುಸ್ತಕದ ಉಳಿದ ಹಾಳೆಗಳನ್ನು ತಿರುವುತ್ತ ಕೂತೆ. ಹನ್ನೊಂದು ನಕ್ಷತ್ರ. ಯಾವುದು ಹುಟ್ಟಿದ್ದು, ಯಾವುದು ಹೆದರಿ ಹೇಳಿದ್ದು? ಇಷ್ಟಕ್ಕೂ ಸ್ವಾತಿಯಾದರೂ ನಿಜವೇ? ಗುಮಾಸ್ತರು ವಕೀಲರ ಹತ್ತಿರ ಕೆಲಸ ಮಾಡುವವರು. ಅವರು ಆಮೇಲೆ ಎಷ್ಟೋ ಸಲ ನನ್ನ ಕುರ್ಚಿಗೆ ಬಂದರು, ನಾನು ಒಮ್ಮೆಯೂ ಕೇಳಲಿಲ್ಲ. ಸ್ವಾತಿಯ ದಿನ ಬಂದರೆ ಬೇರೆ ದಿನ ಬನ್ನಿ ಎನ್ನುತ್ತೇನೆ. ಅವರೂ ತಲೆಯಾಡಿಸಿ ಹೋಗುತ್ತಾರೆ.