ಕಂಪನಿಗೆ ಕಾಯದ ಭಾವ

ನನ್ನ ಗಂಡನ ಅಣ್ಣ, ಅಂದರೆ ನಮ್ಮ ಭಾವ, ಲಿಫ್ಟ್ ರಿಪೇರಿ ಮಾಡುವವರು; ಕಾಯುವುದೆಂದರೆ ಅವರಿಗೆ ಮೈಯೆಲ್ಲ ಉರಿ. ಅಪ್‌ಡೇಟ್ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಫೋನ್ ಕಂಪನಿ ಎರಡು ವರ್ಷ ಸತಾಯಿಸಿದ ಮೇಲೆ, "ಅವ್ರು ಕೊಟ್ಟಾಗ ಕೊಡ್ಲಿ ಬಿಡಮ್ಮ, ನಾವೇ ಹಾಕ್ಕೊಳ್ಳೋಣ" ಎಂದು, ಯಾರೋ ಹವ್ಯಾಸಿಗಳು ಸೇರಿ ಬರೆದ ಸಾಫ್ಟ್‌ವೇರನ್ನು ಮನೆಯ ಫೋನುಗಳಿಗೆಲ್ಲ ತಾವೇ ತುಂಬತೊಡಗಿದರು. ಭಾನುವಾರ ಊಟದ ಮೇಜು ಅವರದು. ಲ್ಯಾಪ್‌ಟಾಪಿನಿಂದ ಫೋನಿಗೆ ಕೇಬಲ್ ಸಿಕ್ಕಿಸಿದರೆಂದರೆ ಮಿಕ್ಸಿ ಹಾಕುವಂತಿಲ್ಲ, ಮೇಜಿಗೆ ಮೊಣಕೈ ತಾಗಿಸುವಂತಿಲ್ಲ, ಜೋರಾಗಿ ಸೀನುವಂತೆಯೂ ಇಲ್ಲ. ಕೇಬಲ್ ಅರ್ಧದಲ್ಲಿ ಅಲುಗಿದರೆ ಫೋನು ಸತ್ತು ಬರೀ ಇಟ್ಟಿಗೆಯಾಗುತ್ತದಂತೆ. ಹಾಗೆ ಇಟ್ಟಿಗೆಯಾದದ್ದೊಂದು ಈಗಲೂ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ತಡೆದು ಕೂತಿದೆ. ಪರದೆ ಬೆಳಗಿದೊಡನೆ ಭಾವ ಎದೆಯುಬ್ಬಿಸಿ "ಈಗ ನೋಡಿ" ಎನ್ನುತ್ತಾರೆ. ನಮಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಅತ್ತೆಯ ಫೋನಿನಲ್ಲಿ ಮಾತ್ರ ಕಂಡಿತು. ಅರವತ್ತರಲ್ಲಿ ಓದಲು ಕಲಿತ ಅತ್ತೆ, ಏನೋ ಒತ್ತಿದಾಗ "ಅನುಮತಿ ನಿರಾಕರಿಸಲಾಗಿದೆ" ಎಂದು ಬಂದರೆ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಫೋನನ್ನು ಕೆಳಗಿಟ್ಟುಬಿಡುತ್ತಿದ್ದರು. ಹವ್ಯಾಸಿಗಳ ಸಾಫ್ಟ್‌ವೇರನ್ನು ಯಾರು ಬೇಕಾದರೂ ತಿದ್ದಬಹುದಂತೆ; ಭಾವ ಆ ಸಾಲನ್ನೇ ಅಳಿಸಿ, "ನಿನ್ನ ತಪ್ಪಲ್ಲಮ್ಮ, ಇನ್ನೊಮ್ಮೆ ಒತ್ತು" ಎಂದು ಬರೆದಿದ್ದಾರೆ. ಪ್ರಪಂಚದ ಬೇರೆ ಯಾವ ಫೋನೂ ಹೀಗೆ ಮಾತಾಡುವುದಿಲ್ಲ ಎಂದು ನಾನೀಗ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ. ಮೊನ್ನೆ ಕಂಪನಿಯ ಅಪ್‌ಡೇಟ್ ಕೊನೆಗೂ ಬಂತು. "ಬೇಕಾದ್ರೆ ವಾಪಸ್ ಕಂಪನಿದೇ ಹಾಕಿಕೊಡ್ತೀನಿ ಅಮ್ಮ" ಎಂದರು ಭಾವ. ಅತ್ತೆ ಫೋನನ್ನು ಸೆರಗಿನಡಿ ಸೇರಿಸಿಕೊಂಡು ಅಂದರು: "ಬೇಡಪ್ಪ. ಅವ್ರು ಗದರ್ತಾರೆ."