ಕಾಪುವಿನ ಅಂಗಡಿಯಲ್ಲಿ ಪ್ಯಾರಿಸಿನ ಗಡಿಯಾರದವ

ಅರಾಜಕತಾವಾದಿಯ ಪಾತ್ರಕ್ಕೆ ನನ್ನಷ್ಟು ಹೊಂದದ ಮನುಷ್ಯ ಉಡುಪಿ ಜಿಲ್ಲೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ಕಲ್ಸಂಕದಲ್ಲಿ ಒಮ್ಮೆ ಸಿಗ್ನಲ್ ಕೆಟ್ಟು ಕೆಂಪು ದೀಪವೇ ಉರಿಯುತ್ತಿದ್ದಾಗ, ಹಿಂದಿನವರೆಲ್ಲ ಬೈದುಕೊಂಡು ದಾಟಿ ಹೋದರೂ ನಾನು ಸ್ಕೂಟರಿನಿಂದ ಕಾಲೂರಿ ಪೊಲೀಸರ ದಾರಿ ಕಾಯುತ್ತಾ ನಿಂತಿದ್ದೆ. ನೀರಿನ ಬಿಲ್ಲು ತಡವಾದರೆ ನಗರಸಭೆಗೆ ಫೋನ್ ಮಾಡಿ 'ಇನ್ನೂ ಬಂದಿಲ್ಲವಲ್ಲ' ಎಂದು ಕೇಳುವವನು ನಾನು. ಅಂಥವನು, ಸರಕಾರವೇ ಬೇಡ ಎನ್ನುತ್ತಿದ್ದ ಒಬ್ಬ ಯಹೂದಿಯ ಪಾತ್ರದಲ್ಲಿ ಕಾರ್ಕಳದ ಸಭಾಭವನದಲ್ಲಿ ಮೈಕಿನ ಮುಂದೆ ಕುಳಿತದ್ದು ಹೇಗೆ ಎಂದು ನನ್ನ ಹೆಂಡತಿ ಈಗಲೂ ಕೇಳುತ್ತಾಳೆ. ಕೇಳುವಾಗ ನಗುತ್ತಾಳೆ ಕೂಡ.

ನಿವೃತ್ತನಾದ ಮೇಲೆ ನನಗಿರುವ ಒಂದೇ ಚಟ ತಾಳಮದ್ದಲೆ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ನಾವು ಅರ್ಥಧಾರಿಗಳು ಪಂಚೆ, ಶಾಲು ಹಾಕಿಕೊಂಡು ಕುಳಿತಲ್ಲೇ ಕರ್ಣನೋ ಕೃಷ್ಣನೋ ಆಗಿ ವಾದಿಸುತ್ತೇವೆ. ಮಾತನ್ನು ಯಾರೂ ಬರೆದು ಕೊಡುವುದಿಲ್ಲ. ಎದುರಿನವರು ಏನು ಕೇಳುತ್ತಾರೆಂದು ಮೊದಲೇ ತಿಳಿಯುವುದೂ ಇಲ್ಲ. ಕೇಳಿದ್ದಕ್ಕೆ ಉತ್ತರ ಹೊಳೆಯದೆ ಬಾಯಿ ಕಟ್ಟಿದರೆ ಮುಗಿಯಿತು, ಮಾನ ಹೋದಂತೆ. ಕಡಿಯಾಳಿಯಲ್ಲಿ ವಾರಕ್ಕೊಮ್ಮೆ ಸೇರುವ ನಮ್ಮ ಸಂಘದಲ್ಲಿ ನನಗೆ ಸಿಗುತ್ತಿದ್ದದ್ದು ದೂತ, ಮಂತ್ರಿ, ಹೆಚ್ಚೆಂದರೆ ವಿದುರ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದ ನಾಲಗೆಗೆ ಅದು ಸಾಲುತ್ತಿರಲಿಲ್ಲ.

ಇನ್ನು ನನ್ನ ಗೆಳೆಯನ ವಿಷಯ. ಕಾಪು ಪೇಟೆಯಲ್ಲಿ ಅವರದು ವಾಚು ರಿಪೇರಿಯ ಸಣ್ಣ ಅಂಗಡಿ. ಮನೆ ಹೆಜಮಾಡಿಯಲ್ಲಿ, ದಿನವೂ ಬಸ್ಸಿನಲ್ಲಿ ಬರುತ್ತಾರೆ. ನಮ್ಮ ಕರಾವಳಿಯ ಮುಸ್ಲಿಮರು, ಬ್ಯಾರಿ ಮನೆತನದವರು. ನಾನು ಕಾಪುವಿನಲ್ಲಿ ಮಾಸ್ಟ್ರಾಗಿದ್ದಾಗ ಶಾಲೆ ಬಿಟ್ಟ ಮೇಲೆ ಬಸ್ಸು ಬರುವ ತನಕ ಅವರ ಅಂಗಡಿಯ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಸ್ಕೂಟರ್ ತೆಗೆದುಕೊಂಡ ಮೇಲೂ ಆ ಸ್ಟೂಲು ಬಿಡಲಿಲ್ಲ. ಅವರಿಗೆ ನಾನು ಮಾಸ್ಟ್ರು, ನನಗೆ ಅವರು ಸಾಹೇಬರು.

ಕಳೆದ ವರ್ಷ ಒಂದು ಸಂಜೆ ನಾನು ಹಾಗೆಯೇ ಕುಳಿತಿದ್ದಾಗ ಪೇಟೆಯಲ್ಲಿ ಗಲಾಟೆ ಎದ್ದಿತು. ಯಾವುದೋ ಊರಿನಲ್ಲಿ ಏನೋ ನಡೆದದ್ದಕ್ಕೆ ಇಲ್ಲಿ ಕೆಲವರು ಆರಿಸಿ ಆರಿಸಿ ಅಂಗಡಿಗಳಿಗೆ ಕಲ್ಲು ಎಸೆಯುತ್ತಾ ಬಂದರು. ನಮ್ಮ ಮುಂದೆ ನಿಂತ ಗುಂಪಿನಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಈಗ ಸಂಸಾರಸ್ಥ, ಕಾರ್ಕಳದಲ್ಲಿ ವ್ಯಾಪಾರ. ಕಲ್ಲು ಕೈಯಲ್ಲಿಟ್ಟುಕೊಂಡೇ ಅವನು ಬಹಳ ಮರ್ಯಾದೆಯಿಂದ ಹೇಳಿದ:

"ಸರ್, ನೀವು ಹೊರಗೆ ಬನ್ನಿ. ನಿಮಗೆ ಎಂತದೂ ಮಾಡುವುದಿಲ್ಲ."

ನಾನು ಹೋಗಲಿಲ್ಲ. ಸ್ವಲ್ಪ ಕಾದರು, ಮತ್ತೆ ಒಂದು ಕಲ್ಲು ಎಸೆದು ಗಾಜಿನ ಶೋಕೇಸು ಒಡೆದು ಮುಂದೆ ಹೋದರು. ಆ ಮೇಲೆ ಸಾಹೇಬರು ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು: "ನಮ್ಮ ಮಾಸ್ಟ್ರು ನನ್ನನ್ನು ಬಿಟ್ಟು ಹೋಗಲಿಲ್ಲ." ಊರಿನಲ್ಲಿ ನನ್ನ ಬೆಲೆ ಏರಿತು. ನಿಜ ಸಂಗತಿ ಏನೆಂದರೆ, ಹೋಗಬೇಕೆಂದು ನನಗೂ ಇತ್ತು. ಎದ್ದು ನಿಲ್ಲಲು ನೋಡಿದೆ, ಕಾಲು ಬರಲಿಲ್ಲ. ಎರಡು ಮೊಣಕಾಲುಗಳೂ ನನ್ನವಲ್ಲವೇನೋ ಎಂಬಂತೆ ಸ್ಟೂಲಿನ ಕೆಳಗೆ ಜೋತುಬಿದ್ದಿದ್ದವು. ಈ ಮಾತನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ.

ಪೊಲೀಸರು ಬಂದರು, ಬರೆದುಕೊಂಡರು, ಅಷ್ಟಕ್ಕೇ ಮುಗಿಯಿತು. ಹುಡುಕುವುದಕ್ಕೆ ಹೆಸರು ಬೇಕಲ್ಲ. ನನಗೆ ಗೊತ್ತಿದ್ದ ಆ ಒಂದು ಹೆಸರನ್ನೂ ಹೇಳಬೇಡಿ ಎಂದು ಸಾಹೇಬರು ನನ್ನ ಕೈ ಹಿಡಿದುಕೊಂಡಿದ್ದರು. ಗಾಜು ಹೊಸತು ಬಂತು. ನನ್ನ ಸಿಟ್ಟು ಮಾತ್ರ ಆರಲಿಲ್ಲ. ಮಣಿಪಾಲದ ಲೈಬ್ರರಿಯ ಒಂದು ಪುಸ್ತಕದಲ್ಲಿ ಆ ಪ್ಯಾರಿಸಿನ ಗಡಿಯಾರದವನು ನನಗೆ ಸಿಕ್ಕಿದ್ದು ಆ ದಿನಗಳಲ್ಲೇ.

ನೂರು ವರ್ಷದ ಹಿಂದಿನ ಮಾತು. ಅವನೂ ವಾಚು ರಿಪೇರಿಯವ, ಅರಾಜಕತಾವಾದಿ, ಬಿಡುವಿನಲ್ಲಿ ಕವಿತೆ ಬರೆಯುತ್ತಿದ್ದವ. ಯುಕ್ರೇನಿನಲ್ಲಿ ಯಹೂದಿಗಳ ಹತ್ಯಾಕಾಂಡ ನಡೆದಾಗ ಅವನ ಬಂಧುಬಳಗವೂ ಅದರಲ್ಲಿ ಹೋಯಿತು. ಅದಕ್ಕೆ ಕಾರಣನೆಂದು ಅವನು ನಂಬಿದ್ದ ದಂಡನಾಯಕ ಆಮೇಲೆ ದೇಶ ಬಿಟ್ಟು ಪ್ಯಾರಿಸಿಗೆ ಬಂದು ವಾಸವಾಗಿದ್ದ. ಇವನು ಹುಡುಕಿ, ಹಾಡಹಗಲೇ ಬೀದಿಯಲ್ಲಿ ತಡೆದು, ನೀನೇ ಅವನಲ್ಲವೇ ಎಂದು ಕೇಳಿ, ಗುಂಡು ಹಾರಿಸಿದ. ಓಡಲಿಲ್ಲ, ಪೊಲೀಸರ ಕೈಗೆ ತಾನೇ ಸಿಕ್ಕಿದ. ನ್ಯಾಯಾಲಯದಲ್ಲಿ ಜ್ಯೂರಿಯ ಪಂಚರು ಅವನನ್ನು ನಿರ್ದೋಷಿಯೆಂದು ಬಿಟ್ಟುಬಿಟ್ಟರು. ಓದಿ ಮುಗಿಸಿ ಪುಸ್ತಕ ಮುಚ್ಚಿದೆ. ಸುಳ್ಳೇಕೆ, ನನ್ನ ಕೈಯಲ್ಲಿ ಪಿಸ್ತೂಲನ್ನು ಒಂದು ಗಳಿಗೆ ಕಲ್ಪಿಸಿಕೊಂಡೆ. ಹಲಸಿನ ಹಣ್ಣು ಕೊಯ್ಯುವಾಗ ಸೊನೆಗೆ ಹೆದರಿ ದೂರ ನಿಲ್ಲುವ ಕೈ ಅದು.

ಇಷ್ಟರಲ್ಲೇ ಕಾರ್ಕಳದಿಂದ ಸಂಘಕ್ಕೆ ಕರೆ ಬಂತು. ಕರೆಯಲು ಬಂದವನು ಬೇರೆ ಯಾರೂ ಅಲ್ಲ, ಆ ನನ್ನ ಹಳೆಯ ವಿದ್ಯಾರ್ಥಿ. ಅಲ್ಲಿನ ಸಮಿತಿಯಲ್ಲಿ ಅವನಿಗೆ ಜವಾಬ್ದಾರಿ ಉಂಟಂತೆ. ನನ್ನ ಕಾಲು ಮುಟ್ಟಿ ನಮಸ್ಕರಿಸಿ, "ಸರ್, ನೀವು ಬರಲೇಬೇಕು" ಎಂದ. ಕಲ್ಲಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವನು ಮುಂದಿನ ಸಾಲಿನಲ್ಲೇ ಕೂರುತ್ತಾನಲ್ಲ ಎಂದು ಹೊಳೆದದ್ದೇ ತಡ, ನನ್ನ ಸೇಡಿನ ಯೋಜನೆ ತಯಾರಾಯಿತು.

ಪ್ಯಾರಿಸಿನ ಆ ವಿಚಾರಣೆಯನ್ನೇ ಪ್ರಸಂಗ ಮಾಡಿ ಪದ ಕಟ್ಟಿದೆ. ಸಂಘದವರನ್ನು ಒಪ್ಪಿಸುವುದಕ್ಕೆ ಬೆವರು ಸುರಿಯಿತು.

"ಅಲ್ಲ ಮಾರಾಯ್ರೆ, ಪ್ಯಾರಿಸಿಗೆ ಯಾವ ರಾಗ?" ಎಂದು ಭಾಗವತರು ಕೇಳಿದರು. ಕೊನೆಗೆ, ದ್ವಾರಕೆಗೆ ಹಾಡುವ ರಾಗವೇ ಸಾಕು, ಎರಡೂ ದೊಡ್ಡ ಊರೇ ಅಲ್ವಾ ಎಂದು ಅವರೇ ತೀರ್ಮಾನಿಸಿದರು. ಗಡಿಯಾರದವನ ಪಾತ್ರ ನನಗೆ. ದಂಡನಾಯಕನ ಕಡೆಯ ವಕೀಲನ ಪಾತ್ರ, ಉಡುಪಿ ಕೋರ್ಟಿನಲ್ಲಿ ನಿಜವಾಗಿಯೂ ವಕೀಲರಾಗಿರುವ ನಮ್ಮ ಇನ್ನೊಬ್ಬ ಅರ್ಥಧಾರಿಗೆ. ಕಥೆಯಲ್ಲಿ ನಾನು ಬಿಡುಗಡೆಯಾಗುವುದು ಮೊದಲೇ ನಿಶ್ಚಯವಾಗಿರುವುದರಿಂದ ಸೋಲುವ ಭಯವೇ ಇರಲಿಲ್ಲ. ಕೊನೆಯ ಮಾತಿನಲ್ಲಿ, ಒಡೆದ ಶೋಕೇಸು, ಕಲ್ಲು, 'ಹೊರಗೆ ಬನ್ನಿ' ಎಂದ ಮರ್ಯಾದಸ್ಥ ಎಲ್ಲವನ್ನೂ ತಂದು, ಮುಂದಿನ ಸಾಲಿನ ಕಡೆಗೆ ಬೆರಳು ಚಾಚುವುದೆಂದು ನಿರ್ಧರಿಸಿದೆ. ಸ್ನಾನದ ಕೋಣೆಯಲ್ಲಿ ಬೆರಳು ಚಾಚುವುದನ್ನು ಅಭ್ಯಾಸ ಮಾಡಿದೆ. ಬಿಸಿನೀರು ಆರಿತೆಂದು ಹೆಂಡತಿ ಬಾಗಿಲು ಬಡಿದಳು.

ಈ ಶುಭವಾರ್ತೆ ಹೇಳಲು ಕಾಪುವಿಗೆ ಹೋದೆ. ಸಾಹೇಬರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ನನ್ನ ಭಾಷಣವನ್ನು ಪೂರ್ತಿ ಕೇಳಿ, ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟರು.

"ನೀವು ಬೆರಳು ತೋರಿಸಿ ಮಣಿಪಾಲದ ಮನೆಗೆ ಹೋಗ್ತೀರಿ ಮಾಸ್ಟ್ರೆ. ಮರುದಿವಸ ಇಲ್ಲಿ ಶಟರ್ ಎತ್ತುವವ ನಾನು ಅಲ್ವಾ?"

"ಹಾಗಾದರೆ ಅವನನ್ನು ಸುಮ್ಮನೆ ಬಿಡುವುದಾ?"

"ನಾನು ಬಿಟ್ಟಿದ್ದೇನೆ ಅಂತ ಹೇಳಿದ್ದು ಯಾರು? ನನಗೂ ಸಿಟ್ಟು ಉಂಟು. ಆದ್ರೆ ಕಟ್ಟಡದ ಯಜಮಾನ್ರು ಹೇಳಿಯಾಗಿದೆ, ಇನ್ನೊಂದು ಸಲ ಗಲಾಟೆ ಆದ್ರೆ ಅಂಗಡಿ ಖಾಲಿ ಮಾಡ್ಬೇಕು ಅಂತ. ಈ ವಯಸ್ಸಿನಲ್ಲಿ ನಾನು ಮತ್ತೆಲ್ಲಿಗೆ ಹೋಗುವುದು?"

ನನಗೆ ಸಿಟ್ಟು ಬಂತು. ಅವರಿಗೋಸ್ಕರ ಪ್ಯಾರಿಸಿನ ತನಕ ಹೋಗಿ ಬಂದವನನ್ನು ಅವರು ತಡೆಯುವುದೇ? ಪ್ರಸಂಗವೆಂದರೆ ಪ್ರಸಂಗ, ನಾಲಗೆಗೆ ಬಂದದ್ದು ಬರುತ್ತದೆ, ನಾನು ಮಾತು ಕೊಡಲಾರೆ ಎಂದು ದೊಡ್ಡ ಕಲಾವಿದನಂತೆ ಹೇಳಿ ಎದ್ದೆ. ಅವರು ಮತ್ತೆ ಭೂತಗನ್ನಡಿ ಸಿಕ್ಕಿಸಿಕೊಂಡರು. ಆ ದಿನ ಚಹಾ ತರಿಸಲಿಲ್ಲ.

ಕಾರ್ಕಳದಲ್ಲಿ ಜನ ಚೆನ್ನಾಗಿ ಸೇರಿದ್ದರು. ನನ್ನ ವಿದ್ಯಾರ್ಥಿ ಮುಂದಿನ ಸಾಲಿನಲ್ಲೇ ಇದ್ದ. ನಾನು ಆ ಸಂಜೆ ಆಡಿದ ಹಾಗೆ ಮೊದಲು ಆಡಿರಲಿಲ್ಲ, ಇನ್ನು ಆಡುವುದೂ ಇಲ್ಲ. ದಂಡನಾಯಕ ತಾನೇ ಅಪ್ಪಣೆ ಕೊಟ್ಟನೆನ್ನಲು ಆಧಾರವೇನು ಎಂದು ವಕೀಲರು ಕೇಳಿದರೆ, ಸೈನ್ಯ ಅವನದು, ತಡೆಯದಿದ್ದವನೂ ಅವನೇ ಎಂದೆ. ಕೊಂದವನಿಗೂ ನಿನಗೂ ಏನು ವ್ಯತ್ಯಾಸ ಎಂದರೆ, ನಾನು ಓಡಲಿಲ್ಲ ಎಂದೆ. ಚಪ್ಪಾಳೆ ಬಿತ್ತು. ಬೆರಳು ಚಾಚುವ ಗಳಿಗೆ ಹತ್ತಿರವಾಯಿತೆಂದು ಕೈ ಎತ್ತಿದೆ. ಆಗ ವಕೀಲರು ಮೈಕಿನ ಹತ್ತಿರ ಬಾಗಿ, ಮೆಲ್ಲಗೆ, ಕೋರ್ಟಿನಲ್ಲಿ ಕೇಳುವ ಹಾಗೆ ಕೇಳಿದರು.

"ಸತ್ತವರು ಹೋದರು. ನಿನ್ನ ಜನರಲ್ಲಿ ಇನ್ನೂ ಬದುಕಿ ಉಳಿದವರಿದ್ದಾರಲ್ಲ, ನಾಳೆ ಅದೇ ಊರಿನಲ್ಲಿ ಬಾಗಿಲು ತೆರೆಯಬೇಕಾದವರು. ನಿನಗೆ ವಕಾಲತ್ತು ಕೊಟ್ಟದ್ದು ಅವರೋ?"

ಅವರಿಗೆ ಕಾಪುವಿನ ಸಂಗತಿ ಏನೂ ತಿಳಿದಿರಲಿಲ್ಲ. ಪ್ಯಾರಿಸಿನ ಗಡಿಯಾರದವನ ಬಳಿ ಇದಕ್ಕೆ ಉತ್ತರ ಇದ್ದಿರಬೇಕು. ಅವನು ತನ್ನವರನ್ನೇ ಕಳೆದುಕೊಂಡಿದ್ದ, ಬೀದಿಗಿಳಿದದ್ದೂ ತಾನೇ, ಸೆರೆಮನೆಗೆ ಹೋದದ್ದೂ ತಾನೇ. ನಾನು ಕಳೆದುಕೊಂಡದ್ದು ಏನು? ಒಂದು ಲೋಟ ಚಹಾ. ನನ್ನ ಬಾಯಿ ಕಟ್ಟಿತು. ಎತ್ತಿದ ಕೈಯನ್ನು ಏನು ಮಾಡುವುದೆಂದು ತೋಚದೆ ಶಾಲು ಸರಿಮಾಡಿಕೊಂಡೆ. ಸಭೆಯಲ್ಲಿ ಯಾರೋ ಕೆಮ್ಮಿದರು. ಸಾಹೇಬರಿಗಾಗಿ ಸುಮ್ಮನಾದೆ ಎಂದು ಹೇಳಿಕೊಂಡರೆ ಚೆಂದ ಕಾಣುತ್ತದೆ, ಆದರೆ ಮಾತು ಸಿಗಲಿಲ್ಲ ಎನ್ನುವುದೂ ಅಷ್ಟೇ ನಿಜ. ಪಂಚರ ತೀರ್ಪಿನ ಪದ ಹಾಡುವುದನ್ನು ಬಿಟ್ಟು ಭಾಗವತರು ನನ್ನ ಮಾನ ಉಳಿಸಲು ನೇರ ಮಂಗಳ ಹಾಡಿದರು. ಹೀಗಾಗಿ ಪ್ಯಾರಿಸಿನಲ್ಲಿ ಬಿಡುಗಡೆಯಾದವನಿಗೆ ಕಾರ್ಕಳದಲ್ಲಿ ಬಿಡುಗಡೆ ಸಿಗಲಿಲ್ಲ.

ಆಮೇಲೆ ನನ್ನ ವಿದ್ಯಾರ್ಥಿ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದ. ಅವನ ಕಣ್ಣು ಒದ್ದೆಯಾಗಿತ್ತು.

"ಎಂತ ಕಥೆ ಸರ್! ಪಾಪ, ಬಡಪಾಯಿ ಜನರ ಮನೆ ಅಂಗಡಿ ಎಲ್ಲ ಹಾಳು ಮಾಡಿದ್ರಲ್ಲ. ಅಂಥವರನ್ನು ಬಿಡಬಾರದು ಸರ್."

ನಾನು ಅವನ ಮುಖವನ್ನೇ ನೋಡಿದೆ. ನಾಟಕವಾಡುತ್ತಿರಲಿಲ್ಲ, ಮನಸಾರೆ ಹೇಳುತ್ತಿದ್ದ. ಬೆರಳು ಚಾಚಿದ್ದರೂ ಅವನು ಹಿಂದೆ ತಿರುಗಿ, ಯಾರಿಗಪ್ಪಾ ತೋರಿಸುತ್ತಿದ್ದಾರೆ ಎಂದು ಹುಡುಕುತ್ತಿದ್ದನೋ ಏನೋ. ಹಣ್ಣಿನ ಬುಟ್ಟಿ ತೆಗೆದುಕೊಂಡು ಹೌದು ಎಂದೆ.

ಶುಕ್ರವಾರ ಮಧ್ಯಾಹ್ನ ಕಾಪುವಿಗೆ ಹೋದೆ. ಅಂಗಡಿ ತೆರೆದಿರುವುದನ್ನು ದೂರದಿಂದಲೇ ಕಂಡು ಎಷ್ಟು ಸಂತೋಷವಾಯಿತೆಂದರೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕಲು ಮರೆತೆ.

"ಸೋತ್ರಂತೆ?" ಎಂದರು ಸಾಹೇಬರು.

"ಸೋತೆ."

ಅವರು ಚಹಾಕ್ಕೆ ಹೇಳಿದರು. ಮತ್ತೆ ನನ್ನ ಮುಖ ನೋಡದೆ, "ಆ ಗಲಾಟೆಯ ನಂತರ ಅಂಗಡಿ ಬಿಟ್ಟು ಹೋಗಲಿಕ್ಕೆ ಹೆದರಿಕೆ ಆಗ್ತದೆ ಮಾಸ್ಟ್ರೆ. ಶುಕ್ರವಾರದ ನಮಾಜಿಗೂ ಹೋಗಿಲ್ಲ. ಇವತ್ತು ನಾನು ಹೋಗಿ ಬರುವ ತನಕ ನೀವು ಸ್ವಲ್ಪ ಕೂರ್ತೀರಾ?" ಎಂದರು.

ಇಷ್ಟು ದಿನ ಬಾಯಿಗೆ ಬಾರದ ಮಾತು ಆಗ ಹೊರಗೆ ಬಿತ್ತು.

"ಸಾಹೇಬರೇ, ಆ ದಿವಸ ನಾನು ಹೋಗದೆ ಕೂತದ್ದು ಧೈರ್ಯದಿಂದ ಅಲ್ಲ. ಕಾಲೇ ಬರಲಿಲ್ಲ."

"ಗೊತ್ತುಂಟು. ನಾನು ಪಕ್ಕದಲ್ಲೇ ಇದ್ದೆ ಅಲ್ವಾ?" ಅವರು ಟೊಪ್ಪಿ ಹಾಕಿಕೊಂಡು ನಕ್ಕರು. "ಅಂಗಡಿಯಲ್ಲಿ ಕೂರ್ಲಿಕ್ಕೆ ಕಾಲು ಬಾರದವರೇ ಬೇಕು ನನಗೆ."

ಅಂದಿನಿಂದ ಪ್ರತಿ ಶುಕ್ರವಾರ ಮಧ್ಯಾಹ್ನ ನಾನು ಆ ಸ್ಟೂಲಿನ ಮೇಲೆ ಇರುತ್ತೇನೆ. ವಾಚಿಗೆ ಸೆಲ್ಲು ಹಾಕಲಿಕ್ಕೂ ಬರುವುದಿಲ್ಲ, ಬಂದವರಿಗೆಲ್ಲ ಸಾಹೇಬರು ಈಗ ಬರುತ್ತಾರೆ, ಕೂತುಕೊಳ್ಳಿ ಎನ್ನುತ್ತೇನೆ. ಬೀದಿಯಲ್ಲಿ ಯಾರಾದರೂ ಜೋರಾಗಿ ಕೂಗಿದರೆ ಮೊಣಕಾಲು ಈಗಲೂ ನಡುಗುತ್ತದೆ. ನಡುಗಲಿ, ಎದ್ದು ಹೋಗುವ ಕೆಲಸ ಅದಕ್ಕೆ ಇಲ್ಲವಲ್ಲ.